ಮಾವನವರು ಬಿತ್ತಿದ ಜಾಲಿ

ನಮ್ಮ ಮಾವನವರ ಮುಖದಲ್ಲಿ ಮೊದಲು ಕಾಣುತ್ತಿದ್ದುದು ಮೂಗು. ಅವರು ಎದ್ದು ಹೋದ ಮೇಲೆ ನೆನಪಿನಲ್ಲಿ ಉಳಿಯುತ್ತಿದ್ದುದೂ ಮೂಗೇ. ನಡುವೆ ಉಬ್ಬಿ, ತುದಿಯಲ್ಲಿ ಬಾಗಿ, ಹೊಳ್ಳೆಗಳು ಅಗಲವಾಗಿ ತೆರೆದುಕೊಂಡ ಮೂಗು. ಬೆಳಗ್ಗೆ ಊರಿನ ಒಲೆಗಳು ಹೊತ್ತಿಕೊಳ್ಳುವ ಸಮಯಕ್ಕೆ ಸರಿಯಾಗಿ ಅದನ್ನು ಮೇಲಕ್ಕೆತ್ತಿಕೊಂಡು ಓಣಿಯಲ್ಲಿ ಒಂದು ಸುತ್ತು ಬರುತ್ತಿದ್ದರು. ಖಾಕಿ ಕೋಟು, ಹಣೆ ತುಂಬ ವಿಭೂತಿ, ಕೈಯಲ್ಲಿ ಬಿದಿರಿನ ಕೋಲು. ಪ್ರತಿ ಮನೆಯ ಮುಂದೆ ನಿಂತು ಮಾಳಿಗೆಯ ಬೆಳಕಿಂಡಿಯಿಂದ ಏಳುವ ಹೊಗೆಯನ್ನು ಮೂಸುವುದು. ಕುಳ್ಳಿನ ಹೊಗೆಯಾದರೆ ಮುಂದಿನ ಮನೆ. ಹತ್ತಿಕಟ್ಟಿಗೆಯ ಹೊಗೆಯಾದರೂ ಮುಂದಿನ ಮನೆ. ಗುಡ್ಡದ ಮರಗಳಾದ ತುಗ್ಗಲಿಯದೋ ದಿಂಡಲದ್ದೋ ಆದರೆ ಮುಗಿಯಿತು, ಕೋಲಿನಿಂದ ಬಾಗಿಲು ಕುಟ್ಟಿ, "ಗುಡ್ಡಕ್ಕ ಯಾವಾಗ ಹೋಗಿದ್ರಿ?" ಎಂದು ಕೇಳುವುದು.

ಅವರು ರಿಸರ್ವ್ ಕಾಡಿನ ಗಾರ್ಡು. ಹೊಸಪೇಟೆಯಿಂದ ಸಂಡೂರಿನ ಕಡೆ ಹೋಗುವ ದಾರಿಯಲ್ಲಿ, ಗುಡ್ಡದ ಬುಡದಲ್ಲಿ ನಮ್ಮ ಊರು. ಗುಡ್ಡದ ಈಚೆ ಮಗ್ಗುಲು ಮದ್ರಾಸ್ ಸರ್ಕಾರದ್ದು, ನೆತ್ತಿ ದಾಟಿದರೆ ಆಚೆ ಸಂಡೂರು ಸಂಸ್ಥಾನ. ನಡುವೆ ಸುಣ್ಣ ಬಳಿದ ಗಡಿಕಲ್ಲುಗಳು. ಸಿಕ್ಕಿಬಿದ್ದ ಹೆಂಗಸರೆಲ್ಲ ಹೇಳುತ್ತಿದ್ದುದು ಒಂದೇ ಮಾತು: "ಇದು ರಾಜರ ಕಡೀ ಕಟಗಿ ರೀ, ಸರ್ಕಾರದ್ದಲ್ಲ." ಮಾವನವರು ಒಂದು ಕಡ್ಡಿ ಮುರಿದು ಮೂಗಿಗೆ ಹಿಡಿದು, "ವಾಸನಿ ನಮ್ಮ ಕಡೇದ ಐತಿ" ಅನ್ನುತ್ತಿದ್ದರು. ಅದೆಂಥ ವಾಸನೆಯೋ, ಆ ಶಿವನೇ ಬಲ್ಲ. ಒಂದೇ ಗುಡ್ಡ, ಒಂದೇ ಮಣ್ಣು, ಒಂದೇ ಮಳೆ. ಆದರೂ ಅವರ ಮುಂದೆ ವಾದ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ.

ಇಂಥವರ ಮನೆಗೆ ನಾನು ಸೊಸೆಯಾಗಿ ಬಂದೆ. ನಮ್ಮದು ಕಂಪ್ಲಿ. ಹೊಳೆ ದಂಡೆಯ ಊರು. ಕಬ್ಬಿನ ರವದಿ, ತೆಂಗಿನ ಗರಿ, ಹೊಳೆ ತಂದು ಹಾಕುವ ಮರಮಟ್ಟು, ಉರಿಸಿದಷ್ಟೂ ಉಂಟು. ಒಲೆ ಅಂದರೆ ಉರಿಯುವುದೇ ಅದರ ಗುಣ ಎಂದು ತಿಳಿದು ಬೆಳೆದವಳು ನಾನು. ನೆಂಟಸ್ತಿಕೆ ಕುದುರಿದಾಗ ನಮ್ಮ ಅಪ್ಪ ಎಷ್ಟು ಹಿಗ್ಗಿದ್ದರೆಂದರೆ, "ನಿಮ್ಮ ಮಾವ ಕಾಡಿಗೆ ದೊಡ್ಡೋನು, ಕಟಗೀಗೆ ನಿನಗೇನವ್ವ ಬರ" ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದರು. ಬಂದು ನೋಡಿದರೆ ಊರಿನಲ್ಲಿ ಕಟ್ಟಿಗೆ ಇಲ್ಲದ ಮನೆ ಇದೊಂದೇ! ಬೇರೆಯವರು ಕದ್ದೋ ಮುಚ್ಚಿಯೋ ಒಂದು ಹೊರೆ ತರುತ್ತಿದ್ದರು. ನಮಗೆ ಅದೂ ಇಲ್ಲ. ಹಸಿ ಕುಳ್ಳು, ತೊಗರಿ ಕಡ್ಡಿ, ಜೋಳದ ಕೂಳೆ. ಊದುಗೊಳವೆ ಹಿಡಿದು ಊದಿ ಊದಿ ನನ್ನ ಕಣ್ಣು ಕೆಂಡವಾಗುತ್ತಿತ್ತು. ನೋಡಿದವರು ಹೊಸ ಸೊಸೆ ತವರು ನೆನೆದು ಅಳುತ್ತಾಳೆ ಅಂದುಕೊಂಡರು. ತವರಲ್ಲ, ತವರಿನ ಒಲೆ ನೆನೆದು ಅಳುತ್ತಿದ್ದೆ.

ಅತ್ತೆಯವರು ಒಳ್ಳೆಯವರು, ಆದರೆ ಗಂಡನ ಜೊತೆ ಜಗಳವಾಡಿ ದಣಿದವರು. "ಊರಿಗೆ ಒಂದು ನ್ಯಾಯ, ನಮಗೊಂದು ನ್ಯಾಯ ಅಂತ ಜನ ಅಂದಾರು ಅಂತಾರವ್ವ ಇವರು. ಜನಕ್ಕ ಹೆದರಿದ ಗಂಡಸಿನ ಮನ್ಯಾಗ ಹೆಂಗಸರಿಗೆ ಬಿಸಿನೀರಿಲ್ಲ" ಎಂದು ಮೊದಲ ವಾರವೇ ನನಗೆ ಹೇಳಿಟ್ಟಿದ್ದರು.

ಮೊದಲನೆಯ ಬಾಣಂತನ ಕಂಪ್ಲಿಯಲ್ಲಿ ಆಯಿತು. ಎರಡನೆಯದರ ಹೊತ್ತಿಗೆ ನಮ್ಮ ಅವ್ವ ಹಾಸಿಗೆ ಹಿಡಿದಿದ್ದರಿಂದ ಇಲ್ಲಿಯೇ ಆಗಬೇಕಾಯಿತು. ಶ್ರಾವಣದ ಜಡಿಮಳೆ. ಕುಳ್ಳೆಲ್ಲ ತೊಯ್ದು ಮುದ್ದೆ. ಬಾಣಂತಿಗೆ ನೀರು ಹಾಕಬೇಕು ಅಂದರೆ ಹಂಡೆಗಟ್ಟಲೆ ಕಾಯಬೇಕು, ಉಗುರು ಬೆಚ್ಚಗಿನ ನೀರಲ್ಲಿ ಆಗುವ ಮಾತಲ್ಲ ಅದು. ಅತ್ತೆಯವರು ಎದುರುಮನೆಯ ಮುದುಕಿಗೆ ಕೈಸನ್ನೆ ಮಾಡಿ, ಹಿತ್ತಲ ಬಾಗಿಲಿನಿಂದ ಒಂದು ಹೊರೆ ತುಗ್ಗಲಿ ತರಿಸಿಕೊಂಡರು. ಆ ಮುದುಕಿ ನಮ್ಮ ಮಾವನವರ ಕೈಯಲ್ಲಿ ಎಲ್ಲರಿಗಿಂತ ಹೆಚ್ಚು ಸಲ ಸಿಕ್ಕಿಬಿದ್ದವಳು. ಗಂಡ ಇಲ್ಲ, ಹೊಲ ಇಲ್ಲ, ಹೊಸಪೇಟೆಗೆ ಕಟ್ಟಿಗೆ ಹೊತ್ತು ಮಾರಿಯೇ ಬದುಕಬೇಕು. ಗಾರ್ಡಿನ ಮನೆಗೇ ಕದ್ದ ಕಟ್ಟಿಗೆ ಕೊಡುವುದು ಅವಳಿಗೆ ಎಂಥ ಖುಷಿ ಎಂದರೆ, ನಗು ಬಾಯಲ್ಲಿ ನಿಲ್ಲಲಿಲ್ಲ.

ನೀರು ಮರಳಿತು. ಅತ್ತೆ ನನ್ನನ್ನು ಬಚ್ಚಲಲ್ಲಿ ಕೂರಿಸಿ ನಾಲ್ಕು ಚೊಂಬು ಹಾಕಿದ್ದರೋ ಇಲ್ಲವೋ, ಹೊರಗೆ ಕೋಲಿನ ಸದ್ದು. ಮಾವನವರು ಬೀದಿಯ ತಿರುವಿನಲ್ಲೇ ಮೂಸಿದ್ದರು. ಒಳಗೆ ಬರಲಿಲ್ಲ, ಬಾಣಂತಿ ಇದ್ದಾಳಲ್ಲ. ಹಿತ್ತಲಿಗೆ ಸುತ್ತಿ ಬಂದು ಹೊರಗಿನಿಂದಲೇ ಹಂಡೆಯೊಲೆಗೆ ಕೈ ಹಾಕಿ, ಉರಿಯುವ ಕೊಳ್ಳಿಗಳನ್ನು ಒಂದೊಂದಾಗಿ ಎಳೆದು ಮಳೆಗೆ ಹಾಕಿದರು. ಚುಂಯ್ ಚುಂಯ್ ಎಂದು ಆರಿದವು.

"ನಿಮ್ಮ ಮೂಗಿಗೆ ಬೆಂಕಿ ಬೀಳಲಿ!" ಎಂದು ಅತ್ತೆ ಚೊಂಬು ಕುಕ್ಕಿದರು. "ಹಸಿ ಬಾಣಂತಿ ನಡಗಾಕ ಹತ್ಯಾಳ. ಕೂಸಿನ ಮುಖ ನೋಡಿಯರ ಸುಮ್ಮನಿರಬಾರದ?"

"ಕೂಸಿಗೂ ಕಾನೂನು ಒಂದ" ಅಂದರು ಮಾವನವರು ಗೋಡೆಯ ಆಚೆಯಿಂದ.

ಉಳಿದ ಕಟ್ಟಿಗೆಯನ್ನು ಹೊರೆ ಕಟ್ಟಿ, ಪೇಟ ತೆಗೆದು ಸಿಂಬಿ ಮಾಡಿ ತಲೆಯ ಮೇಲಿಟ್ಟುಕೊಂಡು, ಆ ಮಳೆಯಲ್ಲಿ ಹೊಸಪೇಟೆಯ ರೇಂಜ್ ಆಫೀಸಿಗೆ ಹೊತ್ತುಕೊಂಡು ಹೋದರು. ತಮ್ಮ ಮನೆಯ ಮೇಲೆ ತಾವೇ ಕೇಸು ಹಾಕಿಸಿ ಬಂದರು. ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತು ನೋಡಿದರಂತೆ. ಎದುರುಮನೆಯ ಮುದುಕಿ, "ಗಾರ್ಡಪ್ಪಾರ, ಹೊರಿ ವಾಲೈತಿ, ನೆಟ್ಟಗ ಹಿಡೀರಿ" ಎಂದು ಕೂಗಿದಳಂತೆ. ಒಳಗೆ ನಾನು ಅರ್ಧ ತೊಯ್ದ ಮೈಯಲ್ಲಿ ಹಲ್ಲು ಕಟಕಟ ಎನ್ನುತ್ತ, ಜನ್ಮದಲ್ಲಿ ಈ ಮನುಷ್ಯನ ಜೊತೆ ಮಾತಾಡುವುದಿಲ್ಲ ಎಂದು ಆಣೆ ಇಟ್ಟುಕೊಂಡೆ.

ಮರುದಿನ ಬೆಳಗ್ಗೆ ಹಿತ್ತಲಲ್ಲಿ ಕೊಡಲಿಯ ಸದ್ದು. ಮಾವನವರು ತಾವು ಮಲಗುವ ಮಂಚವನ್ನು ಒಡೆಯುತ್ತಿದ್ದರು. ಕಾಲು, ಪಟ್ಟಿ ಎಲ್ಲ ಸೀಳಿ ಹಂಡೆಯೊಲೆಗೆ ಇಟ್ಟು, "ಇದು ಬೇವು. ನಮ್ಮ ಹಿತ್ತಲದ್ದ. ಕೇಸಿಲ್ಲ. ಚಲೋತ್ನಾಗಿ ನೀರು ಹಾಕು ಆಕೀಗೆ" ಎಂದು ಅತ್ತೆಗೆ ಹೇಳಿ ಡ್ಯೂಟಿಗೆ ಹೋದರು. ಅಂದಿನಿಂದ ಅವರು ಮಲಗಿದ್ದು ನೆಲದ ಮೇಲೆಯೇ. ಈಗ ಹೇಳಿ, ಇಂಥವರ ಮೇಲೆ ಸಿಟ್ಟು ಇಟ್ಟುಕೊಳ್ಳಲಿಕ್ಕಾದರೂ ಆಗುತ್ತದೆಯೇ? ನೆಮ್ಮದಿಯಾಗಿ ಸಿಟ್ಟು ಮಾಡುವುದಕ್ಕೂ ಬಿಡದ ಮನುಷ್ಯ.

ಹೀಗೆ ಕಡ್ಡಿ ಕಡ್ಡಿಗೂ ಕಾವಲು ಕಾದ ಗುಡ್ಡ ಒಂದೇ ಬೇಸಿಗೆಯಲ್ಲಿ ಹೋಯಿತು. ಯುದ್ಧದ ಕಾಲ. ಪೆಟ್ರೋಲು ಸಿಗುತ್ತಿರಲಿಲ್ಲ, ಬಸ್ಸುಗಳೆಲ್ಲ ಇದ್ದಿಲಿನ ಮೇಲೆ ಓಡತೊಡಗಿದ್ದವು. ಇದ್ದಿಲು ಬೇಕು, ಸೌದೆ ಬೇಕು, ಮೋಪು ಬೇಕು ಎಂದು ಮೇಲಿನಿಂದ ಹುಕುಂ ಬಂತು. ಯಾವನೋ ಕಂತ್ರಾಟದಾರ ಪಾಸು ಹಿಡಿದುಕೊಂಡು ಆಳುಗಳ ದಂಡು ಕಟ್ಟಿಕೊಂಡು ಬಂದ. ತುಗ್ಗಲಿ, ದಿಂಡಲ, ಕಮರ, ನಮ್ಮ ಮಾವನವರು ಹೊಗೆಯಲ್ಲೇ ಗುರುತು ಹಿಡಿಯುತ್ತಿದ್ದ ಮರಗಳೆಲ್ಲ ಸಾಲಾಗಿ ಉರುಳಿದವು. ಕಡಿದ ದಿಮ್ಮಿಗಳು ಕಾಡಿನಿಂದ ಹೊರಗೆ ಹೋಗಬೇಕಾದರೆ ಪ್ರತಿಯೊಂದರ ಬುಡಕ್ಕೂ ಸರ್ಕಾರದ ಮುದ್ರೆ ಬೀಳಬೇಕು. ಅದಕ್ಕೊಂದು ಸುತ್ತಿಗೆ, ಅದರ ಮುಖದಲ್ಲೇ ಗುರುತು ಕೊರೆದಿರುತ್ತದೆ. ಆ ಸುತ್ತಿಗೆ ಹಿಡಿಯುವ ಕೆಲಸ ಮಾವನವರದು. ದಿನವಿಡೀ ಗುಡ್ಡದ ಬುಡದಲ್ಲಿ ನಿಂತು, ತಾವು ಕಾದ ಮರಕ್ಕೆಲ್ಲ ಠಪ್ ಠಪ್ ಎಂದು ತಾವೇ ಮುದ್ರೆ ಒತ್ತಿ ಕಳಿಸಿದರು. ಸಂಜೆ ಬಂದಾಗ ಅಂಗೈ ಬೊಕ್ಕೆ ಬೊಕ್ಕೆ. ರೊಟ್ಟಿ ಮುರಿಯಲಿಕ್ಕೆ ಬರುತ್ತಿರಲಿಲ್ಲ.

ನನಗೆ ತಡೆಯಲಾಗದೆ ಕೇಳಿಯೇಬಿಟ್ಟೆ. "ಮಾವಾರ, ಒಂದು ಹೊರಿ ತುಗ್ಗಲಿಗೆ ನನ್ನ ಬಾಣಂತನ ತಣ್ಣೀರಾಗ ಮಾಡಿದ್ರಿ. ಈಗ ಬಂಡಿಗಟ್ಟಲೆ ಹೋಗಾಕ ಹತ್ತೈತಲ್ಲ, ಇದಕ್ಕ ಕೇಸಿಲ್ಲೇನು?"

"ಪಾಸ್ ಐತಿ" ಅಂದರು.

"ಪಾಸ್ ಇದ್ರ ಗಿಡ ತಿರುಗಿ ಬರ್ತಾವೇನು?"

ಹಾಲು ತರಿಸಿ ರೊಟ್ಟಿ ಕಲಸಿ ಕೊಟ್ಟೆ, ಉಂಡು ಎದ್ದು ಹೋದರು. ಬೆಳಗಿನ ಸುತ್ತು ನಿಂತಿತು. ಗುಡ್ಡದಲ್ಲೇ ಏನೂ ಉಳಿಯದ ಮೇಲೆ ಯಾರ ಹೊಗೆ ಮೂಸುವುದು? ಎದುರುಮನೆಯ ಮುದುಕಿಯ ಗತಿ ನೋಡಲಿಕ್ಕಾಗುತ್ತಿರಲಿಲ್ಲ. ಬೋಳು ಗುಡ್ಡದಲ್ಲಿ ಬೇರು ಅಗೆದು, ಒಂದು ಪುಟ್ಟಿ ತಂದು, ಅದನ್ನು ಮಾರಿದರೆ ತನ್ನ ಒಲೆಗಿಲ್ಲ, ಒಲೆಗಿಟ್ಟರೆ ಹೊಟ್ಟೆಗಿಲ್ಲ.

ಆ ಸಮಯದಲ್ಲೇ ನಮ್ಮ ಅವ್ವ ತೀರಿಕೊಂಡರೆಂದು ಸುದ್ದಿ ಬಂತು. ನಮ್ಮ ಮನೆಯವರು ಊರಲ್ಲಿರಲಿಲ್ಲ. ನನ್ನನ್ನೂ ಮಕ್ಕಳನ್ನೂ ಕಂಪ್ಲಿಗೆ ಕರೆದುಕೊಂಡು ಹೋಗಲು ಮಾವನವರೇ ಹೊರಟರು. ಹೊಸಪೇಟೆಯಲ್ಲಿ ಬಸ್ಸು ಹತ್ತಿದೆವು. ಹಿಂದೆ ಇದ್ದಿಲಿನ ಡ್ರಮ್ಮು, ಕ್ಲೀನರು ಅದರ ಪಂಕ ತಿರುಗಿಸಿ ತಿರುಗಿಸಿ ಬೆವರಿದ ಮೇಲೆ ಬಸ್ಸು ಎರಡು ಹೆಜ್ಜೆ ಮುಂದೆ ಹೋಗುವುದು, ಏರು ಬಂದರೆ ನಿಲ್ಲುವುದು. ಒಂದು ಕಡೆ ನಿಂತಾಗ ಮಾವನವರು ಇಳಿದು ಹಿಂದಕ್ಕೆ ಹೋದರು. ಕಿಟಕಿಯಿಂದ ನೋಡುತ್ತೇನೆ, ಡ್ರಮ್ಮಿನ ಪಕ್ಕದ ಮೂಟೆಗೆ ಕೈ ಹಾಕಿ ಒಂದು ಇದ್ದಿಲು ಮುರಿದು ಮೂಗಿಗೆ ಹಿಡಿದಿದ್ದಾರೆ.

ಕಿಟಕಿಯ ಕೆಳಗೆ ಬಂದು ನಿಂತು ಹೇಳಿದರು: "ಕಮರ ಯವ್ವಾ. ನಮ್ಮ ಗುಡ್ಡದ್ದ. ಗುಡ್ಡ ಸುಟ್ಕೊಂತ ನಿಮ್ಮ ತವರಿಗೆ ಹೊಂಟೀವಿ."

"ಹತ್ತರಿ ಮಾವಾರ, ಹೊತ್ತಾತು."

"ನೀವು ಹೋಗ್ರಿ. ನಾ ನಡಕೊಂತ ಬರ್ತೀನಿ."

ಎಷ್ಟು ಬೇಡಿಕೊಂಡರೂ ಹತ್ತಲಿಲ್ಲ. ಸತ್ತ ತಾಯಿಯ ಮುಖ ನೋಡಲು ಹೊರಟವಳು ನಾನು, ಮಡಿಲಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಮಗಳು, ಕಾಲ ಬಳಿ ಗಂಟು. ಇವರು ರಸ್ತೆಯ ಮೇಲೆ ಕೋಲು ಊರಿಕೊಂಡು ಬೀಸು ಹೆಜ್ಜೆ! ಬಸ್ಸಾದರೂ ಓಡಿತೇ? ಕಮಲಾಪುರದ ಕೆರೆಯ ಏರಿಯ ಮೇಲೆ ಅದು ಮತ್ತೆ ಕೆಟ್ಟು ನಿಂತಾಗ ಮಾವನವರು ನಮ್ಮನ್ನು ದಾಟಿ ಮುಂದೆ ಹೋದರು. ದಾಟುವಾಗ ಬಸ್ಸಿನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಅವ್ವನಿಗಾಗಿ ಅಳುತ್ತಿದ್ದವಳು ಸಿಟ್ಟಿಗೆ ಅಳತೊಡಗಿದೆ.

ಅದೇ ವರ್ಷ ಅವರ ನೌಕರಿ ಮುಗಿಯಿತು. ಕೋಟು ಗೂಟಕ್ಕೆ ಹಾಕಿ ಮನೆಯಲ್ಲಿ ಕುಳಿತಾರು, ಮೊಮ್ಮಕ್ಕಳನ್ನು ಆಡಿಸಿಯಾರು ಎಂದು ಕಾದೆವು. ಎಲ್ಲಿಯ ಮಾತು! ಬಳ್ಳಾರಿಯ ಕಡೆ ಎಲ್ಲೋ ಸವುಳು ನೆಲದಲ್ಲಿ ಹೊಸ ಗಿಡ ಬೆಳೆಸಿದ್ದಾರೆಂದು ಕೇಳಿ ಹೋಗಿ, ಒಂದು ಚೀಲ ಕಾಯಿ ಹೊತ್ತು ತಂದರು. ಹುಣಸೆಕಾಯಿಗಿಂತ ಸಣ್ಣವು, ಹಳದಿ ಬಣ್ಣ, ಅಗಿದರೆ ಸಿಹಿ. ಆಗ ಅದಕ್ಕೆ ಸೀಮೆಜಾಲಿ ಅನ್ನುತ್ತಿದ್ದರು. "ನೀರು ಬ್ಯಾಡ, ಗೊಬ್ಬರ ಬ್ಯಾಡ, ಕಲ್ಲಿನ ಮ್ಯಾಲೆ ಒಗದ್ರೂ ಬರ್ತೈತಿ. ಕಡದ್ರ ಮತ್ತ ಚಿಗೀತೈತಿ" ಎಂದು ಸಿಕ್ಕ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದರು. ತಮ್ಮ ಬಾಯಿಗೆ ಒಂದು, ಮೊಮ್ಮಕ್ಕಳ ಬಾಯಿಗೆ ಒಂದು.

ಬೀಜವನ್ನು ಹಾಗೆಯೇ ಬಿತ್ತಿದರೆ ಬೇಗ ಮೊಳೆಯದಂತೆ, ಕುರಿಯ ಹೊಟ್ಟೆಯಲ್ಲಿ ಹಾದು ಬರಬೇಕಂತೆ. ಬೇಸಿಗೆಯಲ್ಲಿ ನಮ್ಮ ಗುಡ್ಡದ ಕಡೆ ಬರುವ ಕುರಿಗಾರರ ಹಿರಿಯನನ್ನು ಹಿಡಿದು, ಚೀಲದ ಮೇಲೆ ಚೀಲ ತಂದು ಕುರಿಗಳಿಗೆ ತಿನ್ನಿಸಿದರು. ಹುಲ್ಲಿಲ್ಲದ ಕಾಲ. ಪುಕ್ಕಟೆ ಮೇವು ಕಂಡು ಆ ಹಿರಿಯ ಕಾಲಿಗೆ ಬೀಳುವುದೊಂದು ಬಾಕಿ. ಕುರಿ ಹಗಲೆಲ್ಲ ಗುಡ್ಡದಲ್ಲಿ ತಿರುಗುತ್ತವೆ, ಹಿಕ್ಕೆ ಹಾಕುತ್ತವೆ, ಮಳೆ ಬಂದರೆ ಗುಡ್ಡ ಹಸಿರಾಗುತ್ತದೆ, ಇದು ಮಾವನವರ ಲೆಕ್ಕ.

ನಮ್ಮ ಸೀಮೆಯಲ್ಲಿ ಹುಟ್ಟಿ ಬೆಳೆದವರು, ಮುದುಕರಾದವರು, ಒಂದು ಮಾತು ಮರೆತರು ನೋಡಿ. ಕುರಿ ಹಗಲು ತಿರುಗುವುದು ಗುಡ್ಡದಲ್ಲಿ, ಮಲಗುವುದು ಹೊಲದಲ್ಲಿ! ಮುಂಗಾರಿಗೆ ಮುಂಚೆ ಎಲ್ಲ ರೈತರೂ ಗೊಬ್ಬರಕ್ಕೆಂದು ತಮ್ಮ ಹೊಲದಲ್ಲಿ ಕುರಿ ಹಿಂಡು ನಿಲ್ಲಿಸಿಕೊಳ್ಳುತ್ತಾರೆ. ತಟ್ಟಿ ಕಟ್ಟಿ ರಾತ್ರಿಯೆಲ್ಲ ಕೂಡಿಹಾಕುತ್ತಾರೆ. ಹೊಟ್ಟೆಯಲ್ಲಿದ್ದ ಬೀಜವೆಲ್ಲ ಬೀಳುವುದು ಅಲ್ಲಿ. ಸಾಲದ್ದಕ್ಕೆ ಆ ಕುರಿಗಾರ ಉಪಕಾರ ಮರೆಯದ ಮನುಷ್ಯ. "ಗಾರ್ಡಪ್ಪಾರು ನಮ್ಮ ಕುರಿ ಬದುಕಿಸ್ಯಾರ" ಎಂದು ಎಲ್ಲರ ಹೊಲಕ್ಕಿಂತ ಹೆಚ್ಚು ದಿನ ಹಿಂಡು ನಿಲ್ಲಿಸಿದ್ದು ನಮ್ಮ ಹೊಲದಲ್ಲಿ. ಅದೊಂದೇ ಹೊಲ ನಮಗೆ. ಸಂಬಳ ನಿಂತ ಮನೆ, ವರ್ಷದ ಜೋಳ ಅದರಲ್ಲೇ ಬರಬೇಕು.

ಮಳೆ ಚೆನ್ನಾಗಿ ಬಂತು. ಬಿತ್ತಿದ ಜೋಳ ಕಣ್ಣು ಬಿಡುವ ಮುಂಚೆಯೇ ಹೊಲದ ತುಂಬ ಜಾಲಿ. ಕುರಿ ತಟ್ಟಿ ಕಟ್ಟಿದ್ದ ಅಚ್ಚಿಗೆ ಸರಿಯಾಗಿ, ಚೌಕ ಚೌಕವಾಗಿ. ಗುಡ್ಡದ ಮೇಲೆ ನೋಡಿದರೆ ಅಲ್ಲೊಂದು ಇಲ್ಲೊಂದು ಕಡ್ಡಿ.

ಊರಿನ ರೈತರು ಕಟ್ಟೆಗೆ ಕರೆಸಿದರು. ಬೈಗುಳ ಒಂದಾ ಎರಡಾ! ಮಾವನವರು ಕೋಲು ಊರಿಕೊಂಡು ನಿಂತು ಎಲ್ಲ ಕೇಳಿಸಿಕೊಂಡರು. ತಪ್ಪಾಯಿತು ಅಂದಿದ್ದರೆ ಮುಗಿಯುತ್ತಿತ್ತು. ಅನ್ನಲಿಲ್ಲ. "ಹುಟ್ಯಾವಲ್ಲ!" ಅಂದರು. ಮುಖದ ಮೇಲೆ ನಗು. "ಬಳ್ಳಾರ್ಯಾಗ ಅಂದಿದ್ರು, ನಂಬಿಕಿ ಇರಲಿಲ್ಲ ನನಗ. ಹುಟ್ಯಾವ ನೋಡ್ರಿ ಹೆಂಗ!" ನಮ್ಮ ಮನೆಯವರು ತಲೆ ತಗ್ಗಿಸಿ ಅಪ್ಪನ ಕೈ ಹಿಡಿದು ಮನೆಗೆ ಕರೆತಂದರು.

ಬೇರೆಯವರು ಮಕ್ಕಳುಮರಿ ಸೇರಿ ಎಳೆಯ ಸಸಿ ಕಿತ್ತು ಹೊಲ ಉಳಿಸಿಕೊಂಡರು. ನಾನೂ ಸೆರಗು ಬಿಗಿದು ಹೋದೆ. ಹೊಲದ ಬದುವಿನ ಮೇಲೆ ಮಾವನವರು ನಿಂತಿದ್ದಾರೆ, ಖಾಕಿ ಕೋಟು ಹಾಕಿಕೊಂಡು! ಗೂಟದಿಂದ ಇಳಿಸಿ ಹಾಕಿಕೊಂಡು ಬಂದಿದ್ದಾರೆ.

"ಮುಟ್ಟಬ್ಯಾಡ" ಅಂದರು.

"ಇದು ಹೊಲ ಮಾವಾರ, ಕಾಡಲ್ಲ."

"ಹೊಲ ನನ್ನ ಹೆಸರಿಲೆ ಐತಿ. ನಾ ಕಾಡು ಅಂದ್ರ ಕಾಡು."

"ಮಕ್ಕಳೇನು ಜಾಲಿಕಾಯಿ ತಿಂದು ಬದುಕಬೇಕೇನು?"

"ಸೀ ಅದಾವಲ್ಲ ಕಾಯಿ" ಅಂದುಬಿಟ್ಟರು.

ಆ ಕ್ಷಣ ನನಗೆ ಕೋಲು ಕಸಿದುಕೊಂಡು ಏನು ಮಾಡಬೇಕು ಅನ್ನಿಸಿತೋ ಬರೆಯುವುದಿಲ್ಲ. ಬದುವಿನ ಮೇಲೆ ಕುಸಿದು ಕೂತು ಜೋರಾಗಿ ಅತ್ತುಬಿಟ್ಟೆ. ಹೊಗೆಗೆ ಅಲ್ಲ, ನಿಜವಾಗಿ. ಅವರು ನನ್ನ ಕಡೆ ನೋಡದೆ ಹೇಳಿದರು:

"ಜ್ವಾಳ ಯಾರರ ಒಂದ ಸೇರು ಕೈಗಡ ಕೊಡ್ತಾರವ್ವ. ಕಟಗಿ ಯಾರೂ ಕೊಡಂಗಿಲ್ಲ. ನಾ ಕೊಟ್ಟೀನೇನು ಯಾರಿಗರ? ಜಲ್ಮ ಪೂರಾ ಕಸಗೊಂಡೀನಿ. ಕಸಗೊಂಡು ಕಾದಿಟ್ಟದ್ದು ಏನಾತು ನೀನ ನೋಡಿದೆಲ್ಲ. ಇದೊಂದರ ಇರಲಿ."

ಇಡೀ ಊರಿನ ಹೆಂಗಸರ ಋಣ ತೀರಿಸಲು ಇವರಿಗೆ ಸಿಕ್ಕಿದ್ದು ನನ್ನ ಮಕ್ಕಳ ಹೊಲವೇ ಆಗಬೇಕಿತ್ತೇ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಎದ್ದು ಮನೆಗೆ ಬಂದೆ. ಆ ವರ್ಷದಿಂದ ನಮ್ಮ ಮನೆಯವರು ಕಾಲುವೆ ಕೆಳಗಿನ ಯಾರದೋ ಗದ್ದೆಯನ್ನು ಪಾಲಿಗೆ ಮಾಡಿದರು. ಪರರ ಹೊಲದಲ್ಲಿ ನಾನು ಸಸಿ ನೆಟ್ಟೆ. ನಮ್ಮ ಸ್ವಂತ ಹೊಲದಲ್ಲಿ ಜಾಲಿ ಆಳೆತ್ತರ ಬೆಳೆಯಿತು.

ಗಿಡ ಕಡಿಯುವ ಹದಕ್ಕೆ ಬಂದಾಗ ಮಾವನವರು ಓಣಿಯ ಹೆಂಗಸರಿಗೆಲ್ಲ ಹೇಳಿ ಕಳಿಸಿದರು, ಬಂದು ಕಡಿದುಕೊಳ್ಳಲಿ ಎಂದು. ಯಾರೂ ಬರಲಿಲ್ಲ. ಯಾರು ನಂಬುತ್ತಾರೆ? ಗಾರ್ಡಪ್ಪ ಹೊಸ ಬೋನು ಇಟ್ಟಿದ್ದಾನೆ ಎಂದು ನಕ್ಕರು. ಕಡೆಗೆ ಎದುರುಮನೆಯ ಮುದುಕಿ ಒಬ್ಬಳೇ ಬಂದಳು. ನಾನು ಅಂದು ಮಾವನವರಿಗೆ ಬುತ್ತಿ ತೆಗೆದುಕೊಂಡು ಹೋಗಿದ್ದೆ. ಮುದುಕಿ ಬದುವಿನ ಮೇಲೆ ನಿಂತಳು, ಬಗಲಲ್ಲಿ ಸೆರಗಿನ ಒಳಗೆ ಏನೋ ಉಬ್ಬಿತ್ತು.

"ಏನದು?" ಅಂದರು ಮಾವನವರು, ಹಳೆಯ ದನಿಯಲ್ಲಿಯೇ.

ಮುದುಕಿ ಕುಡುಗೋಲು ಹೊರಗೆ ತೆಗೆದಳು.

"ಮುಚ್ಚಿ ಯಾಕ ತಂದಿ? ಬಿಚ್ಚಿ ಹಿಡಕೊಂಡು ಬಾ. ಇಲ್ಲಿ ಕೇಸಿಲ್ಲ."

"ಹಂಗಂತ ಕಡಸಿ, ಆಮ್ಯಾಲೆ ಹಿಡೀತೀರೇನ್ರಿ?"

ಮಾವನವರು ಕೋಲು ಬಗಲಿಗೆ ಸಿಕ್ಕಿಸಿ, ಅವಳಿಗೆ ಬೆನ್ನು ಮಾಡಿ, ಗುಡ್ಡದ ಕಡೆ ಮುಖ ತಿರುಗಿಸಿ ನಿಂತರು. ಗಾರ್ಡುಗಳಲ್ಲಿ ಮುಖ ತಿರುಗಿಸಿ ನಿಲ್ಲುವವರು ಎಷ್ಟೋ ಮಂದಿ ಇದ್ದರಂತೆ. ಇವರು ನೌಕರಿಯ ಉದ್ದಕ್ಕೂ ಒಮ್ಮೆಯೂ ನಿಂತವರಲ್ಲ. ಹಿಂದೆ ಕುಡುಗೋಲಿನ ಸದ್ದು ಶುರುವಾಯಿತು. ಮುದುಕಿ ಹೊರೆ ಕಟ್ಟಿ, ನನ್ನಿಂದ ತಲೆಗೆ ಎತ್ತಿಸಿಕೊಂಡು ಹೋಗುವ ತನಕ ಅವರು ತಿರುಗಲಿಲ್ಲ. ಮರುದಿನ ಓಣಿಗೆ ಓಣಿಯೇ ಬಂತು.

ಮುಳ್ಳಿನ ಮಾತು ಹೇಳದೆ ಜಾಲಿಯ ಕಥೆ ಪೂರ್ತಿಯಾಗುವುದಿಲ್ಲ. ಎರಡು ಬೆರಳುದ್ದದ ಮುಳ್ಳು, ಚಪ್ಪಲಿ ದಾಟಿ ಬರುತ್ತದೆ. ಮಾವನವರು ಗಿಡ ನೋಡಲೆಂದು ಬರಿಗಾಲಲ್ಲಿ ತಿರುಗುವುದು, ಸಂಜೆ ಪಡಸಾಲೆಯಲ್ಲಿ ಕೂತು ಕಾಲು ಚಾಚುವುದು, ನಾನು ಸೂಜಿ ಹಿಡಿದು ಕೀಳುವುದು, ಇದು ದಿನದ ಕೆಲಸವಾಯಿತು. "ಕೆಟ್ಟ ಗಿಡ, ಮನೀ ಹಾಳು ಗಿಡ" ಎಂದು ನಾನು ಬೈಯುತ್ತ ಕೀಳುವುದು. "ಸಾವಕಾಶ ತಗಿಯವ್ವ, ಗಿಡಕ್ಕ ಯಾಕ ಬೈತಿ, ನಾ ತುಳದದ್ದು" ಎಂದು ಅವರು ಹೇಳುವುದು. ಒಂದು ದಿನ ಹಿಮ್ಮಡಿಯಲ್ಲಿ ಮುಳ್ಳು ಮುರಿದು ಒಳಗೇ ಉಳಿಯಿತು. ಎಕ್ಕೆಯ ಹಾಲು ಬಿಟ್ಟೆ, ಬಿಸಿ ಮಾಡಿದ ಹರಳೆಣ್ಣೆ ಕಟ್ಟಿದೆ. ಕಾಲು ಊದಿ ಕಪ್ಪಾಯಿತು. ಹೊಸಪೇಟೆಯ ಆಸ್ಪತ್ರೆಗೆ ಹೋಗಲು ಗಾಡಿ ಕಟ್ಟಿದೆವು, ಹತ್ತಲಿಲ್ಲ. ಬಸ್ಸು ಹತ್ತದವರು, ಗಾಡಿ ಹತ್ತದವರು, ಹಟ ಅಂದರೆ ಹಟ. ಜ್ವರ ನೆತ್ತಿಗೇರಿತು. 

ಕೊನೆಯ ದಿನ ಹತ್ತಿರ ಕರೆದರು. ಮಗನನ್ನಲ್ಲ, ಹೆಂಡತಿಯನ್ನಲ್ಲ, ನನ್ನನ್ನು. ಏನೋ ಮನಸ್ಸಿನ ಮಾತು ಹೇಳುತ್ತಾರೆಂದು ಕಿವಿ ಹತ್ತಿರ ಇಟ್ಟೆ.

"ಹೊಲದಾಗ ಇಡ್ರಿ ನನ್ನ" ಅಂದರು. "ಕುಣಿ ತಗಿಯಾಕ ಗಿಡ ಕಡಿಬೇಕಾಗತೈತಿ. ಕಡೀರಿ. ಬುಡ ಮಾತ್ರ ಕೀಳಬ್ಯಾಡ್ರಿ."

ಇದು ಸಾಯುವವರು ಆಡುವ ಮಾತೇ?

ಹಾಗೆಯೇ ಮಾಡಿದೆವು. ನಮ್ಮಲ್ಲಿ ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತೇವೆ. ಹೊಲದ ನಡುವೆ ಗಿಡ ಸವರಿ ಕುಣಿ ತೋಡಿ, ವಿಭೂತಿ ಇಟ್ಟು ಕೂರಿಸಿದರು. ಓಣಿಯ ಹೆಂಗಸರೆಲ್ಲ ಬಂದಿದ್ದರು. ಎದುರುಮನೆಯ ಮುದುಕಿ ಅತ್ತೆಯವರಿಗಿಂತ ಹೆಚ್ಚು ಅತ್ತಳು. ಆಮೇಲೆ ನಮ್ಮ ಮನೆಯವರು ಸೊಂಟದೆತ್ತರದ ಒಂದು ಕಲ್ಲಿನ ಗದ್ದುಗೆ ಕಟ್ಟಿಸಿದರು.

ಈಗ ಆ ಗಿಡ ನಮ್ಮ ಹೊಲದಲ್ಲಿ ಮಾತ್ರ ಇಲ್ಲ. ಹಳ್ಳ, ಕೆರೆಯಂಗಳ, ಹಂಪಿಯ ಹಾಳು ಗುಡಿಗಳ ಸುತ್ತ, ಕಾಲುವೆಯ ದಂಡೆ, ಎಲ್ಲಿ ನೋಡಿದರೂ ಅದೇ. ತುಗ್ಗಲಿ, ದಿಂಡಲ ಬೆಳೆಯಬೇಕಾದಲ್ಲೆಲ್ಲ ಅದೇ. ನಮ್ಮ ಮಾವನವರೊಬ್ಬರೇ ಬಿತ್ತಿದರು ಅಂತಲ್ಲ, ಎಲ್ಲ ಕಡೆ ಇಂಥ ಮಾವನವರು ಇದ್ದಿರಬೇಕು. ನಾಡಿನ ಜನ ಅದಕ್ಕೆ ಬಳ್ಳಾರಿ ಜಾಲಿ ಎಂದು ನಮ್ಮ ಜಿಲ್ಲೆಯ ಹೆಸರನ್ನೇ ಇಟ್ಟು ಶಪಿಸುತ್ತಾರೆ. ಶಪಿಸಲಿ, ನಾನೂ ಶಪಿಸುತ್ತೇನೆ. ನನ್ನ ಹೊಲ ತಿಂದ ಗಿಡ, ಮಾವನವರನ್ನು ತಿಂದ ಗಿಡ. ಆದರೆ ಅದು ಬಂದ ಮೇಲೆ ನಮ್ಮೂರಿನ ಯಾವ ಬಾಣಂತಿಯೂ ತಣ್ಣೀರಿನಲ್ಲಿ ನಡುಗಲಿಲ್ಲ, ಯಾವ ಹೆಂಗಸೂ ಒಂದು ಹೊರೆಗಾಗಿ ಯಾರ ಕಾಲೂ ಹಿಡಿಯಲಿಲ್ಲ. ಇದನ್ನೂ ಹೇಳದಿದ್ದರೆ ನನ್ನ ನಾಲಗೆಗೆ ಹುಳ ಬಿದ್ದೀತು.

ವರ್ಷಕ್ಕೊಮ್ಮೆ, ಅವರು ಹೋದ ತಿಥಿಯ ದಿನ, ಗದ್ದುಗೆಗೆ ಕಾಯಿ ಒಡೆಯಲು ಹೋಗುತ್ತೇನೆ. ಹೋದ ವರ್ಷ ಕಡಿದ ದಾರಿ ಈ ವರ್ಷ ಇರುವುದಿಲ್ಲ, ಮುಚ್ಚಿಕೊಂಡಿರುತ್ತದೆ. ಹಣ್ಣುಕಾಯಿ ಬುಟ್ಟಿಯ ಜೊತೆ ಕುಡುಗೋಲನ್ನೂ ಒಯ್ಯಬೇಕು. ಸೀರೆ ಹರಿಯುತ್ತದೆ, ಕೈ ಗೀಚುತ್ತದೆ, ಕಡಿಯುತ್ತ ಕಡಿಯುತ್ತ ಬಾಯಿಗೆ ಬಂದದ್ದೆಲ್ಲ ಬೈದುಕೊಂಡು ಗದ್ದುಗೆ ಮುಟ್ಟುವ ಹೊತ್ತಿಗೆ ಕೈ ಮುಗಿಯುವ ಮನಸ್ಸೇ ಇರುವುದಿಲ್ಲ. ಹೇಗೋ ಕೈ ಮುಗಿದು ತಿರುಗಿದರೆ ಕಡಿದದ್ದು ಒಂದು ಹೊರೆ ಬಿದ್ದಿರುತ್ತದೆ. ಬಿಟ್ಟು ಬರಲು ಮನಸ್ಸಾಗುತ್ತದೆಯೇ? ಮಗ ಗ್ಯಾಸಿನ ಒಲೆ ತಂದಿಟ್ಟಿದ್ದಾನೆ, ಬಚ್ಚಲ ಹಂಡೆಗೆ ಕಟ್ಟಿಗೆಯೇ ಬೇಕು. ಕಟ್ಟುತ್ತೇನೆ. ಈ ವಯಸ್ಸಿನಲ್ಲಿ ಒಬ್ಬಳೇ ತಲೆಗೆ ಎತ್ತಿಕೊಳ್ಳಲಾಗುವುದಿಲ್ಲ, ಆ ಮುಳ್ಳಿನ ನಡುವೆ ಕರೆದರೆ ಓ ಅನ್ನುವವರಿಲ್ಲ. ಹೊರೆಯನ್ನು ಗದ್ದುಗೆಯ ಮೇಲೆ ಇಡುತ್ತೇನೆ, ಸಿಂಬಿ ಸರಿಮಾಡಿಕೊಂಡು ಅದರ ಕೆಳಗೆ ತಲೆ ಕೊಡುತ್ತೇನೆ. "ಹೂಂ, ಎತ್ತರಿ ಮಾವಾರ, ಹೊತ್ತಾತು" ಎಂದು ಗದರಿ, ಎದ್ದು ನಿಂತು, ಮನೆಗೆ ಬರುತ್ತೇನೆ.